ಹಂಡೆ ಕಾಯುವವಳು

ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ನೊಯೆಮಿಗೆ ಆ ಮನೆಯಲ್ಲಿ ಇರಲಿಲ್ಲ. ತೊಲುಕಾ ಊರಿನ ಆ ಬೀದಿಯಲ್ಲಿ ಬಹಳ ಮನೆಗಳು ಹಾಗೆಯೇ ಇದ್ದವು. ಸಿಮೆಂಟು ಇಟ್ಟಿಗೆಯ ಗೋಡೆ ಎದ್ದಿತ್ತು, ಬಾಗಿಲಿನ ಜಾಗಕ್ಕೆ ಪರದೆ ಬಂದಿತ್ತು, ಬಾಗಿಲು ಮುಂದಿನ ವರ್ಷಕ್ಕೆಂದು ಉಳಿದಿತ್ತು. ಒಂದು ಪರದೆಯ ಆಚೆ ಅತ್ತೆ ಎಲ್ಪಿದಿಯಾ ಮಲಗುತ್ತಿದ್ದಳು. ಇನ್ನೊಂದರ ಆಚೆ ನೊಯೆಮಿ, ಗಂಡ ರುತಿಲಿಯೊ, ಹದಿನಾಲ್ಕು ವರ್ಷದ ಮಗಳು ಯಾರೆತ್ಸಿ. ಚಿಲಕವಿದ್ದದ್ದು ಕಕ್ಕಸಿನ ಬಾಗಿಲಿಗೆ ಮಾತ್ರ. ಹಾಗಾಗಿ ಆಸ್ಪತ್ರೆಯ ಮೇಡಂ ಹೇಳಿಕೊಟ್ಟದ್ದನ್ನು ನೊಯೆಮಿ ಕಮೋಡಿನ ಮುಚ್ಚಳ ಹಾಕಿ, ಅದರ ಮೇಲೆ ಕೂತು ಮಾಡುತ್ತಿದ್ದಳು.

"ಏನ್ ತಾಯಿ, ಒಳಗೇ ಸಂಸಾರ ಹೂಡಿದ್ಯಾ?" ಎಂದು ಅತ್ತೆ ಬಾಗಿಲು ಬಡಿಯುವಳು.

"ಐದು ನಿಮಿಷ, ಅತ್ತೆ."

"ಅಷ್ಟೊತ್ತು ಏನ್ ಮಾಡ್ತಿದೀಯ?"

"ಉಸಿರು ಗಮನಿಸ್ತಾ ಇದೀನಿ."

"ಅಲ್ಲಿ ಕೂತ್ಕೊಂಡಾ? ಆ ಜಾಗದಲ್ಲಿ ಜನ ಉಸಿರು ಬಿಗಿಹಿಡೀತಾರೆ ಕಣೆ!"

ಪರದೆಯ ಆಚೆಯಿಂದ ರುತಿಲಿಯೊ ನಗುವುದು ನೊಯೆಮಿಗೆ ಕೇಳಿಸುತ್ತಿತ್ತು.

ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಇಬ್ಬರು ಹುಡುಗರು ಅವಳ ಕುತ್ತಿಗೆಗೆ ಪಿಸ್ತೂಲು ಇಟ್ಟು ಫೋನು ಕಿತ್ತುಕೊಂಡಿದ್ದರು. ಫೋನು ಹಳೆಯದು, ಹೋದರೆ ಹೋಯಿತು. ಆದರೆ ಅಂದಿನಿಂದ ಬಸ್ಸು ಹತ್ತಿದರೆ ಎದೆ ಹಿಂಡುತ್ತಿತ್ತು, ಕೈ ಮರಗಟ್ಟುತ್ತಿತ್ತು, ಈಗಲೇ ಸಾಯುತ್ತೇನೆ ಅನ್ನಿಸುತ್ತಿತ್ತು. ಹೊಲಿಗೆ ಕಾರ್ಖಾನೆಯ ಕೆಲಸ ಹೋಯಿತು. ಆಮೇಲೆ ಬಸ್ಸೇ ಬೇಕಾಗಲಿಲ್ಲ, ಕೂತಲ್ಲೇ ಬರತೊಡಗಿತು. ಕೆಲವು ತಿಂಗಳು ತಲೆ ಬಾಚಿಕೊಳ್ಳಲಿಲ್ಲ. ಡಾಕ್ಟರು ಆತಂಕ, ಖಿನ್ನತೆ ಅಂದರು. ಮನೆಯಲ್ಲಿ ನರದ ಕಾಯಿಲೆ ಅಂದರು. ಮಾತ್ರೆ ಒಂದು ತಿಂಗಳು ಸಿಕ್ಕರೆ ಎರಡು ತಿಂಗಳು ಸಿಗುತ್ತಿರಲಿಲ್ಲ. ಕೊನೆಗೆ ಡಿಸೆಂಬರಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಗುರುವಾರದ ತರಗತಿಗೆ ಸೇರಿಸಿಕೊಂಡರು. ಉಸಿರಿನ ಮೇಲೆ, ಮೈಯ ಮೇಲೆ, ಕೇಳುವ ಸದ್ದಿನ ಮೇಲೆ ಗಮನ ಇಡುವ ಅಭ್ಯಾಸ. ಹನ್ನೆರಡು ಗುರುವಾರ. ಎರಡು ಸಲ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ, ಏಕೆಂದರೆ ಹೊರಗೆ ಕಾಯುವವರ ಸಾಲು ದೊಡ್ಡದು. ಮುಂದಿನ ತಂಡ ಮಳೆಗಾಲ ಕಳೆದ ಮೇಲೆ. ಕ್ರಿಸ್‌ಮಸ್ ವಾರದ ಗಿರಾಕಿಗಳ ಗದ್ದಲದಲ್ಲಿ ನೊಯೆಮಿಯ ಒಂದು ಗೈರು ಆಗಲೇ ಬಿದ್ದಿತ್ತು.

ಮನೆಯ ಹೊಟ್ಟೆಪಾಡು ನಡೆಯುತ್ತಿದ್ದದ್ದು ತಮಾಲೆಯಿಂದ. ಜೋಳದ ಹಿಟ್ಟಿಗೆ ಹಂದಿ ಕೊಬ್ಬು ನಾದಿ, ನಡುವೆ ಮಾಂಸವನ್ನೋ ಹಸಿಮೆಣಸಿನ ಗೊಜ್ಜನ್ನೋ ಇಟ್ಟು, ಜೋಳದ ಸಿಪ್ಪೆಯಲ್ಲಿ ಸುತ್ತಿ, ಸೊಂಟದೆತ್ತರದ ಹಂಡೆಯಲ್ಲಿ ಹಬೆಗೆ ಬೇಯಿಸಬೇಕು. ಹಂಡೆಯ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ತಮಾಲೆಗಳ ಸಾಲು. ಮುಚ್ಚಿದ ಮೇಲೆ ನೀರು ಎಷ್ಟಿದೆಯೆಂದು ಕಾಣುವುದಿಲ್ಲ, ತೆಗೆದು ನೋಡಿದರೆ ಹಬೆ ಹಾರಿ ಹಿಟ್ಟು ಹಸಿಯಾಗುತ್ತದೆ. ಅದಕ್ಕೇ ನೀರಿನೊಳಗೆ ಒಂದು ನಾಣ್ಯ ಹಾಕಿರುತ್ತಾರೆ. ನೀರು ಕುದಿಯುವಷ್ಟು ಹೊತ್ತು ಅದು ತಳಕ್ಕೆ ಬಡಿದು ಟಣಟಣ ಅನ್ನುತ್ತದೆ. ಸದ್ದು ನಿಂತರೆ ನೀರು ಮುಗಿಯಿತು ಎಂದು ಲೆಕ್ಕ.

ಈ ನಾಣ್ಯಕ್ಕೆ ನೊಯೆಮಿಯಂಥ ಕಿವಿ ಬೇರೆ ಯಾರಿಗೂ ಇರಲಿಲ್ಲ. ಕಾಯಿಲೆ ಬಿದ್ದ ಮೇಲೆ ಬೀದಿಯಲ್ಲಿ ಬೆಕ್ಕು ಹಾರಿದರೂ ಬೆಚ್ಚುತ್ತಿದ್ದಳು. ನಾಣ್ಯದ ಬಡಿತ ಸ್ವಲ್ಪ ಸಡಿಲವಾದರೆ ಬಟ್ಟೆ ಒಗೆಯುವ ಕಲ್ಲಿನಿಂದ ಓಡಿ ಬಂದು ನೀರು ಹೊಯ್ಯುತ್ತಿದ್ದಳು. ಅವಳು ಹಂಡೆ ಕಾದ ಎರಡು ವರ್ಷದಲ್ಲಿ ಒಂದು ತಮಾಲೆಯೂ ಸೀದಿರಲಿಲ್ಲ. ಎಲ್ಪಿದಿಯಾ ಇದನ್ನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹಂಡೆಯನ್ನು ಅವಳಿಗೆ ಒಪ್ಪಿಸಿ ತಾನು ಮಲಗುತ್ತಿದ್ದಳು, ಅಷ್ಟೆ.

ಹಂಡೆಯ ಮುಂದೆ ಜಗಳ ಆಡಬಾರದು ಅನ್ನುವುದು ಇನ್ನೊಂದು ಕಟ್ಟಳೆ. ಆಡಿದರೆ ತಮಾಲೆ ಅಲ್ಲಲ್ಲಿ ಹಸಿ ಉಳಿಯುತ್ತದೆ. ಅದಕ್ಕೆ ಆ ಮನೆಯ ಜಗಳಗಳೆಲ್ಲ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಡೆಯುತ್ತಿದ್ದವು. ಅತ್ತೆ ಸೊಸೆ ಹೊರಗೆ ಹೋಗಿ ಒಬ್ಬರನ್ನೊಬ್ಬರು ಹರಿದು ತಿಂದು, ಮುಖ ಒರೆಸಿಕೊಂಡು ಒಳಗೆ ಬಂದು, ಹಂಡೆಗೆ ಕೇಳುವಂತೆ "ಉಪ್ಪು ಕೊಡ್ತೀಯಾ ಮಗಳೇ", "ತಗೊಳ್ಳಿ ಅತ್ತೆ" ಅನ್ನುತ್ತಿದ್ದರು.

ಎರಡನೆಯ ತರಗತಿಯಲ್ಲಿ ಮೇಡಂ, ಅನಾಯಿ ಅಂತ ಅವಳ ಹೆಸರು, ತಲಾ ಒಂದು ಒಣದ್ರಾಕ್ಷಿ ಕೊಟ್ಟು ನಿಧಾನವಾಗಿ ತಿನ್ನಲು ಹೇಳಿದಳು. ಮನೆಯಲ್ಲೂ ಮಾಡಿ ಅಂದಳು. ಅವತ್ತು ಸಂಜೆ ಸಿಹಿ ತಮಾಲೆ ಕಟ್ಟುತ್ತಿದ್ದರು. ನೊಯೆಮಿ ಬಟ್ಟಲಿನಿಂದ ಒಂದು ದ್ರಾಕ್ಷಿ ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ಮೂಸಿದಳು. ನಾಲಗೆಯ ಮೇಲಿಟ್ಟು ಸುಮ್ಮನೆ ಕೂತಳು.

"ಹಲ್ಲುನೋವಾ?" ಅಂದಳು ಅತ್ತೆ.

ನೊಯೆಮಿ ಅಲ್ಲವೆಂದು ತಲೆಯಾಡಿಸಿದಳು.

"ಅಮ್ಮ ಅಭ್ಯಾಸ ಮಾಡ್ತಿದಾಳೆ ಅಜ್ಜಿ," ಅಂದಳು ಯಾರೆತ್ಸಿ. "ಒಂದು ದ್ರಾಕ್ಷಿ ಹತ್ತು ನಿಮಿಷ ತಿನ್ನಬೇಕಂತೆ."

"ಹಾಗಾದ್ರೆ ಈ ಅರ್ಧ ಕಿಲೋ ಮುಗಿಸೋ ಹೊತ್ತಿಗೆ ನಿನ್ನ ಮದುವೆ ಆಗಿರತ್ತೆ. ಲೋ ರುತಿಲಿಯೊ, ನೋಡೋ ನಿನ್ನ ಹೆಂಡ್ತಿನ. ಸರ್ಕಾರ ದ್ರಾಕ್ಷಿ ತಿನ್ನೋಕೆ ಕಲಿಸ್ತಿದೆ. ನಾವೆಲ್ಲ ದಡ್ಡರು, ಇಷ್ಟು ದಿನ ಅಗಿದು ನುಂಗ್ತಿದ್ವಿ."

ರುತಿಲಿಯೊ ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಬೈಸಿಕೊಂಡು ಬಂದವನಿಗೆ ಮನೆಯಲ್ಲಿ ಬೈಗುಳ ತನ್ನ ಮೇಲೆ ಬೀಳದಿದ್ದರೆ ಸಾಕಾಗಿತ್ತು. "ಬಿಡಮ್ಮ, ಪುಕ್ಕಟೆ ತಾನೆ," ಅಂದ.

"ಪುಕ್ಕಟೆ ಅಂತೆ! ಗುರುವಾರ ಮಧ್ಯಾಹ್ನದವರೆಗೂ ಹಿಟ್ಟು ನಾದೋರು ಯಾರು? ನನ್ನ ಕಾಲು ನೋಡು, ಸಕ್ಕರೆ ಕಾಯಿಲೆಗೆ ಕುಂಬಳಕಾಯಿ ಆಗಿದೆ. ನನಗೂ ನರ ಇವೆ. ಐದು ಮಕ್ಕಳ ಮಧ್ಯೆ ಅವಕ್ಕೆ ಕಾಯಿಲೆ ಬೀಳೋಕೆ ಹೊತ್ತೇ ಸಿಗಲಿಲ್ಲ."

ನೊಯೆಮಿ ದ್ರಾಕ್ಷಿ ನುಂಗಿದಳು. "ಅತ್ತೆ, ನಿಮ್ಮ ಸಿಟ್ಟು ನಿಮ್ಮದು. ನಾನು ಸುಮ್ಮನೆ ನೋಡ್ತಾ ಇದೀನಿ."

"ನೋಡು, ನೋಡು. ಟಿಕೇಟು ತಗೊಂಡಿದೀಯಾ?"

ಸುಮ್ಮನೆ ನೋಡ್ತಾ ಇದೀನಿ ಅನ್ನುವ ಮಾತು ನೊಯೆಮಿ ಬೇಕೆಂದೇ ಆಡಿದ್ದು. ಮೇಡಂ ಹೇಳಿಕೊಟ್ಟ ಮಾತುಗಳಲ್ಲಿ ಯಾವುದು ಅತ್ತೆಗೆ ಹೆಚ್ಚು ಉರಿಯುತ್ತದೆ ಎಂದು ಎರಡೇ ವಾರದಲ್ಲಿ ಅವಳಿಗೆ ತಿಳಿದಿತ್ತು.

ಜನವರಿಯ ನಡುವಿನ ಹೊತ್ತಿಗೆ ಅಭ್ಯಾಸ ಹಿಡಿಯಿತು. ಎದೆ ಹಿಂಡುವುದು ಪೂರಾ ಹೋಗಲಿಲ್ಲ, ಆದರೆ ಬಂದಾಗ ಅದರ ಜೊತೆ ಕೂತಿರಲು ಬಂತು. ಒಬ್ಬಳೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡಳು. ಒಂದು ಬೆಳಿಗ್ಗೆ ಆರು ಗಂಟೆಯವರೆಗೆ ಮಲಗಿಬಿಟ್ಟಳು. ಎದ್ದು ನೋಡಿದರೆ ಎಲ್ಪಿದಿಯಾ ಹಂಡೆಯ ಪಕ್ಕ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಳು, ಊದಿದ ಕಾಲನ್ನು ಇಟ್ಟಿಗೆಯ ಮೇಲಿಟ್ಟು.

"ಎಬ್ಬಿಸಬಾರದಿತ್ತಾ ಅತ್ತೆ?"

"ಎರಡು ವರ್ಷದಲ್ಲಿ ನಿನ್ನ ಎಬ್ಬಿಸೋ ಅಗತ್ಯ ಬಂದಿಲ್ಲ ಮಗಳೇ," ಅಂದಳು ಅತ್ತೆ, ಹಂಡೆಯ ಮುಂದೆ ಆಡುವ ಸಿಹಿ ದನಿಯಲ್ಲಿ. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ ಉಳಿದದ್ದನ್ನು ಹೇಳಿದಳು. "ನಿದ್ದೆ ಬಂತಾ? ಬರ್ಲಿ. ಗಡದ್ದಾಗಿ ನಿದ್ದೆ ಮಾಡು. ಮುದುಕಿ ಸತ್ತ ಮೇಲೆ ಚೋಲೆ ಬಂದು ನಿನ್ನ ಬಾಯಿಗೆ ತಮಾಲೆ ಇಡ್ತಾಳೆ."

ಚೋಲೆ ಅಂದರೆ ಎದುರು ಬೀದಿಯ ತಮಾಲೆಯವಳು. ಸಂತೆಕಟ್ಟೆಯ ಹೆಬ್ಬಾಗಿಲ ಪಕ್ಕದ ಮೂಲೆ ಹತ್ತೊಂಬತ್ತು ವರ್ಷದಿಂದ ಎಲ್ಪಿದಿಯಾಳದು, ಅದರ ಮೇಲೆ ಚೋಲೆಯ ಕಣ್ಣು. ಮೂಲೆ ಯಾರಿಗೆ ಎಂದು ವರ್ಷವರ್ಷ ತೀರ್ಮಾನಿಸುವವನು ವ್ಯಾಪಾರಿಗಳ ಸಂಘದ ಯಜಮಾನ ದೋನ್ ಅಬುಂದಿಯೊ. ಆ ಜನವರಿ ಆರರಂದು ಸಂಘದವರು ಬಳೆಯಂಥ ದೊಡ್ಡ ರೊಟ್ಟಿ ಕತ್ತರಿಸಿದಾಗ ಒಳಗಿದ್ದ ಬಾಲಯೇಸುವಿನ ಪುಟ್ಟ ಗೊಂಬೆ ಬಂದದ್ದು ಇದೇ ಅಬುಂದಿಯೊನ ಚೂರಿನಲ್ಲಿ. ಗೊಂಬೆ ಸಿಕ್ಕಿದವನು ಫೆಬ್ರವರಿ ಎರಡರಂದು, ಕಾಂದೆಲಾರಿಯಾ ಹಬ್ಬಕ್ಕೆ, ಎಲ್ಲರಿಗೂ ತಮಾಲೆ ಹಾಕಿಸಬೇಕು. ಜಿಪುಣ ಅದನ್ನು ನುಂಗಿಬಿಡಲು ನೋಡಿದ, ಹಲ್ಲಿಗೆ ಸಿಕ್ಕಿ ಸಿಕ್ಕಿಬಿದ್ದ ಎಂದು ಸಂತೆಯೆಲ್ಲ ನಕ್ಕಿತು. ಅವನು ಎಲ್ಪಿದಿಯಾಳ ಹತ್ತಿರ ಬಂದು ಮುನ್ನೂರು ತಮಾಲೆಗೆ ಹೇಳಿದ. ಹೋಗುವಾಗ, "ಈ ಸಲ ಚೋಲೆನೂ ಕೇಳ್ತಿದಾಳೆ ಮೂಲೆನ. ನೋಡೋಣ, ತಮಾಲೆ ಹೇಗಿರತ್ತೋ," ಅಂದ.

ಫೆಬ್ರವರಿ ಎರಡು ಗುರುವಾರವಾಗಿತ್ತು.

ನೊಯೆಮಿ ಅದನ್ನು ಊಟದ ಹೊತ್ತಿನಲ್ಲಿ ಎತ್ತಿದಳು. ತಟ್ಟೆಗಳಲ್ಲಿ ಹುರುಳಿಕಾಯಿ ಮೊಟ್ಟೆ, ರೊಟ್ಟಿ.

"ಅವತ್ತು ನಾನು ತರಗತಿಗೆ ಹೋಗಲೇಬೇಕು. ಇನ್ನೊಂದು ಗೈರಾದ್ರೆ ಹೆಸರು ಹೋಗತ್ತೆ."

ಅತ್ತೆ ರೊಟ್ಟಿ ಹರಿಯುತ್ತಲೇ ಇದ್ದಳು. "ಹೆಸರು ಹೋದ್ರೆ ಬೇರೆ ಇಟ್ಕೋ."

"ಹಿಂದಿನ ದಿನವೇ ಎಲ್ಲ ಕಟ್ಟಿಡ್ತೀನಿ. ಬೆಳಿಗ್ಗೆ ಒಲೆ ಮೇಲೆ ಏರಿಸ್ತೀನಿ. ಹತ್ತೂವರೆಯಿಂದ ಒಂದು ಗಂಟೆವರೆಗೂ ಯಾರಾದ್ರೂ ಹಂಡೆ ನೋಡ್ಕೊಂಡ್ರೆ ಸಾಕು."

"ನನಗೆ ಹನ್ನೊಂದಕ್ಕೆ ಪೂಜೆ. ನಮ್ಮನೆ ಬಾಲಯೇಸು ವಿಗ್ರಹಕ್ಕೆ ಹೊಸ ಬಟ್ಟೆ ಹೊಲಿಸಿದೀನಿ, ಪಾದ್ರಿ ಹತ್ರ ತೀರ್ಥ ಹಾಕಿಸಬೇಕು. ಮೂವತ್ತು ವರ್ಷ ತಪ್ಪಿಸಿಲ್ಲ. ನಿನ್ನ ದ್ರಾಕ್ಷಿಗೋಸ್ಕರ ದೇವರ ಮಗುನ ಬರಿಮೈಯಲ್ಲಿ ಕೂರಿಸ್ಲಾ?"

"ನಾನು ಸ್ಕೂಲಿಗೆ ರಜ ಹಾಕ್ತೀನಿ," ಅಂದಳು ಯಾರೆತ್ಸಿ.

"ನೀನು ಬಾಯಿ ಮುಚ್ಕೊಂಡು ಪರೀಕ್ಷೆಗೆ ಹೋಗು," ಅಂದಳು ನೊಯೆಮಿ. ಅದೊಂದರಲ್ಲಿ ಅತ್ತೆ ಸೊಸೆ ಒಂದೇ ಮಾತು. "ರುತಿಲಿಯೊ, ನೀನು ಹೇಳು."

"ಬೆಳಗಿನ ಪಾಳಿ ಹತ್ತಕ್ಕೆ ಬಿಡತ್ತೆ," ಅಂದ ಅವನು ತಟ್ಟೆ ನೋಡುತ್ತ. "ಬರ್ತೀನಿ. ಹಂಡೆ ನಾನು ನೋಡ್ಕೋತೀನಿ."

"ನೀನಾ? ಹುಟ್ಟಿದಾಗಿಂದ ಒಂದು ಹಾಲು ಉಕ್ಕೋದು ನೋಡಿದೀಯಾ?" ಅಂದಳು ತಾಯಿ.

"ಬರ್ತೀನಿ ಅಂದ್ನಲ್ಲಮ್ಮ!"

"ಆಣೆ ಮಾಡು," ಅಂದಳು ನೊಯೆಮಿ.

"ಏನೇ ಇದು, ಕೋರ್ಟಾ? ಹತ್ತಕ್ಕೆ ಬರ್ತೀನಿ."

ಹಬ್ಬದ ಬೆಳಿಗ್ಗೆ ನೊಯೆಮಿ ಎರಡು ಹಂಡೆ ಏರಿಸಿದಳು. ಚಿಕ್ಕದು ಬೇಗ ಬೆಂದು ಇಳಿಯಿತು. ದೊಡ್ಡದರಲ್ಲಿ ಇನ್ನೂರು ಇದ್ದವು. ಎಲ್ಪಿದಿಯಾ ಬಾಲಯೇಸುವಿಗೆ ಬಿಳಿ ರೇಷ್ಮೆ ತೊಡಿಸಿ, ಪುಟ್ಟ ಕುರ್ಚಿಯ ಮೇಲೆ ಕೂರಿಸಿ, ಶಾಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಹಂಡೆಯ ಕಡೆ ಕಿವಿ ಇಟ್ಟು ಕೇಳಿದಳು. ಟಣಟಣ ನಡೆದಿತ್ತು. ಶಾಲು ಸರಿಮಾಡಿಕೊಂಡು ಹೋದಳು.

ಹತ್ತಾಯಿತು. ಹತ್ತೂಕಾಲಾಯಿತು. ನೊಯೆಮಿ ಹೊರಡುವ ಸ್ವೆಟರು ಹಾಕಿಕೊಂಡೇ ಅಡುಗೆಮನೆಯಲ್ಲಿ ನಿಂತಿದ್ದಳು. ಫೋನು ಮಾಡಿದಳು.

"ಎಲ್ಲಿದೀಯ?"

"ಡಿಪೋದಲ್ಲಿ. ಸೆಲ್ಸೊ ಬಂದಿಲ್ಲ, ಅವನ ಗಾಡಿ ನನಗೆ ಹಾಕಿದಾರೆ." ಹಿಂದೆ ಜನ ನಗುವುದು, ಬಾಟಲಿ ಮುಚ್ಚಳ ಹಾರುವುದು ಕೇಳಿಸಿತು.

"ಅದೇನು ಸದ್ದು?"

"ಹಬ್ಬ ಅಲ್ವೇನೆ, ಹುಡುಗರು ಇದಾರೆ. ಬರ್ತೀನಿ ಅಂದೆನಲ್ಲ. ಒಂದು ಅರ್ಧ ಗಂಟೆ."

"ಬಸ್ಸು ಹತ್ತೂವರೆಗೆ ಕಣೋ."

"ಒಂದಿನ ಹೋಗ್ದಿದ್ರೆ ಸಾಯ್ತೀಯಾ?" ಅಂದು ಅವನು ಇಟ್ಟುಬಿಟ್ಟ.

ಹತ್ತೂವರೆಯ ಬಸ್ಸು ಬೀದಿ ತುದಿಯಲ್ಲಿ ಹಾರ್ನ್ ಹಾಕಿ ತಿರುಗಿತು. ಆಗ ಶುರುವಾಯಿತು. ಮೊದಲು ಬೆರಳು, ಆಮೇಲೆ ತುಟಿ, ಆಮೇಲೆ ಎದೆಯ ಮೇಲೆ ಯಾರೋ ಮೊಣಕಾಲು ಊರಿದಂತೆ. ಕಕ್ಕಸಿಗೆ ಹೋದರೆ ಹಂಡೆ ಕೇಳಿಸುವುದಿಲ್ಲ. ದೊಡ್ಡ ಹಂಡೆಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಒಬ್ಬಳೇ ಇದ್ದಾಗ ಕೇಳಲೆಂದು ಯಾರೆತ್ಸಿ ಮೇಡಂನ ದನಿಯನ್ನು ಫೋನಿಗೆ ಹಾಕಿಕೊಟ್ಟಿದ್ದಳು. ಅದನ್ನು ಒತ್ತಿದಳು.

ದನಿ ನಿಧಾನವಾಗಿ ಹೇಳಿತು. ಪಾದ ನೆಲಕ್ಕೆ ತಾಗಿದೆ. ಉಸಿರು ಬರುತ್ತಿದೆ, ಹೋಗುತ್ತಿದೆ. ಸದ್ದುಗಳು ಬರಲಿ. ಒಳ್ಳೆಯದು ಕೆಟ್ಟದ್ದು ಅನ್ನಬೇಡಿ. ಹಿಂದೆ ಓಡಬೇಡಿ. ಬಂತು, ಇತ್ತು, ಹೋಯಿತು.

ನೊಯೆಮಿ ಹೇಳಿದಂತೆ ಮಾಡಿದಳು. ನಾಯಿ ಬೊಗಳಿತು, ನಿಂತಿತು. ಗ್ಯಾಸಿನವನು ಕೂಗಿಕೊಂಡು ಹೋದ. ನಾಣ್ಯ ಬಡಿಯುತ್ತಿತ್ತು. ಮೊಣಕಾಲು ಸ್ವಲ್ಪ ಸ್ವಲ್ಪವಾಗಿ ಎದೆಯಿಂದ ಎದ್ದಿತು. ಬೆರಳಿಗೆ ಬಿಸಿ ಬಂತು. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ, ತರಗತಿಯಲ್ಲೂ ಆಗಿರಲಿಲ್ಲ. ನಾಣ್ಯದ ಸದ್ದು ವಿರಳವಾಯಿತು. ಒಂದು ಬಡಿತ, ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ನಿಂತಿತು. ನಿಂತದ್ದು ಅವಳಿಗೆ ಕೇಳಿಸಿತು. ಅಡುಗೆಮನೆ ನಿಶ್ಶಬ್ದವಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು, ತೋಳುಗಳು ಸಡಿಲವಾಗಿದ್ದವು.

ಎಚ್ಚರಿಸಿದ್ದು ವಾಸನೆ. ಕಣ್ಣು ಬಿಟ್ಟಾಗ ಮುಚ್ಚಳದ ಸುತ್ತ ಹಳದಿ ಹೊಗೆ ಏಳುತ್ತಿತ್ತು. ನೀರು ಹೊಯ್ದದ್ದು ಎರಡನೆಯ ತಪ್ಪು. ಕಾದ ತಳ ಚಿಟ್ಟನೆ ಬಿರಿದು ನೀರು ಒಲೆಯ ಮೇಲೆ ಹರಿಯಿತು. ಕೆಳಗಿನ ಸಾಲಿನ ತಮಾಲೆಗಳು ಇದ್ದಿಲಾಗಿದ್ದವು. ಮೇಲಿನವು ನೋಡಲು ಚೆನ್ನಾಗಿದ್ದವು, ಮುರಿದರೆ ಒಳಗಿನವರೆಗೂ ಸುಟ್ಟ ಸಿಪ್ಪೆಯ ಕಮಟು.

ರುತಿಲಿಯೊ ಮತ್ತು ಅವನ ತಾಯಿ ಹೆಚ್ಚುಕಡಿಮೆ ಒಟ್ಟಿಗೆ ಬಂದರು. ಅವನ ಬಾಯಲ್ಲಿ ಬಿಯರಿನ ವಾಸನೆ ಇತ್ತು. ಎಲ್ಪಿದಿಯಾ ಬಾಲಯೇಸುವನ್ನು ಮೇಜಿನ ಮೇಲಿಟ್ಟು ಹಂಡೆಯೊಳಗೆ ಇಣುಕಿದಳು. ಹಂಡೆಯ ಮುಂದೆಯೇ ನಿಂತು, ಮೊದಲ ಸಲ, ದನಿ ಎತ್ತಿದಳು.

"ನಾಣ್ಯ ನಿಂತಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು," ಅಂದಳು ನೊಯೆಮಿ.

"ಏನಂದೆ?"

"ಕೇಳಿಸ್ತು. ನಿಂತಿದ್ದು ಗೊತ್ತಾಯ್ತು. ಹೆದರಿಕೆ ಆಗಲಿಲ್ಲ."

ರುತಿಲಿಯೊ ಹಣೆ ಹಿಡಿದುಕೊಂಡ. "ಕೇಳಿಸ್ಲಿಲ್ಲ ಅಂತಾದ್ರೂ ಹೇಳ್ಬಾರ್ದೇನೆ!"

"ನೀನು ಹತ್ತಕ್ಕೆ ಬರ್ತೀನಿ ಅಂದೆ."

"ನೋಡಮ್ಮ, ಈಗ ನನ್ನ ಮೇಲೆ ತಿರುಗಿಸ್ತಾಳೆ!"

"ನೀನು ಸುಮ್ನಿರು ಕುಡುಕಾ," ಅಂದಳು ತಾಯಿ. ಸೊಸೆಯ ಕಡೆ ತಿರುಗಿದಳು. "ಎರಡು ವರ್ಷ ಕಾಯಿಲೆ ಕಾಯಿಲೆ ಅಂದೆ. ಆ ಎರಡು ವರ್ಷ ಒಂದು ಹಂಡೆ ಸುಡಲಿಲ್ಲ. ವಾಸಿ ಆಗ್ತಿದೀನಿ ಅಂದೆ, ನನ್ನ ಮನೆ ಸುಟ್ಟೆ. ನೀನು ಕಾಯಿಲೆಯವಳಾಗಿದ್ದಾಗಲೇ ಚೆನ್ನಾಗಿದ್ದೆ ಕಣೆ."

"ನಿಮಗೆ ಚೆನ್ನಾಗಿತ್ತು," ಅಂದಳು ನೊಯೆಮಿ.

ಒಲೆಯ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲೆಯಿಂದ ಬಂದ ಯಾರೆತ್ಸಿ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೇಜಿನ ಮೇಲೆ ಫೋನು ಮತ್ತೆ ಮತ್ತೆ ಮೊದಲಿನಿಂದ ಉಸಿರು ಬರುತ್ತಿದೆ, ಹೋಗುತ್ತಿದೆ ಅನ್ನುತ್ತಿತ್ತು. ಅಜ್ಜಿ ಅದನ್ನೆತ್ತಿ ಗೋಡೆಗೆ ಬೀಸಿದಳು.

ಎಲ್ಪಿದಿಯಾ ಮೇಲಿನ ಸಾಲುಗಳನ್ನು ಆರಿಸಿ, ಚಿಕ್ಕ ಹಂಡೆಯವುಗಳ ಜೊತೆ ಬೆರೆಸಿ ಸಂಘಕ್ಕೆ ಒಯ್ದಳು. ಅದು ಅವಳ ತಪ್ಪು. ಒಳ್ಳೆಯ ನೂರನ್ನು ಮಾತ್ರ ಒಯ್ದು ಕಾಲಿಗೆ ಬಿದ್ದಿದ್ದರೆ ಬೇರೆಯಾಗುತ್ತಿತ್ತೋ ಏನೋ. ದೋನ್ ಅಬುಂದಿಯೊ ಒಂದು ತುತ್ತು ಕಚ್ಚಿ, ಎಲ್ಲರ ಮುಂದೆ ಅಂಗೈಗೆ ಉಗಿದು, "ಏನಮ್ಮಾ, ಮಸಣದಲ್ಲಿ ಬೇಯಿಸಿದ್ಯಾ?" ಅಂದ. ತಮಾಲೆ ತರಲು ಒಬ್ಬ ಹುಡುಗನನ್ನು ಚೋಲೆಯ ಮನೆಗೆ ಓಡಿಸಿದ.

ಮುಂದಿನ ಗುರುವಾರ ನೊಯೆಮಿ ಆಸ್ಪತ್ರೆಗೆ ಹೋದಳು. ಅವಳ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಅನಾಯಿ ಮೇಡಂ ಬಾಗಿಲಿಗೆ ಬಂದು ಮೆಲ್ಲಗೆ ಮಾತಾಡಿದಳು.

"ಎರಡು ಗೈರು ಅಂದ್ರೆ ಎರಡು ಗೈರು, ನೊಯೆಮಿ. ಎಲ್ಲರಿಗೂ ಒಂದೇ ನಿಯಮ. ನಿಮ್ಮ ಹೊತ್ತು ನಿಮ್ಮದು ಅಂತ ಮನೆಯವರಿಗೆ ನೀವು ಗಟ್ಟಿಯಾಗಿ ಹೇಳಬೇಕಿತ್ತು."

"ನೀವು ಎಂದಾದ್ರೂ ಯಾರ ಮನೇಲಾದ್ರೂ ಸೊಸೆಯಾಗಿದ್ರಾ ಮೇಡಂ?"

"ಸಿಟ್ಟು ಬಂದಿದೆ ನಿಮಗೆ. ಅದನ್ನ ಸುಮ್ಮನೆ ಗಮನಿಸಿ."

"ಗಮನಿಸ್ತಾ ಇದೀನಿ," ಅಂದು ನೊಯೆಮಿ ಬಾಗಿಲನ್ನು ಜೋರಾಗಿ ಎಳೆದುಕೊಂಡು ಬಂದಳು.

ಮನೆಯಲ್ಲಿ ಅವಳನ್ನು ಹಂಡೆಯ ಹತ್ತಿರ ಬಿಡಲಿಲ್ಲ. ಒಗೆಯುವುದು, ಗುಡಿಸುವುದು ಮಾತ್ರ. ಅವಳ ತಟ್ಟೆಗೆ ಬಡಿಸುವಾಗ ಅತ್ತೆ ಸೌಟಿನಲ್ಲಿ ಸದ್ದು ಮಾಡುತ್ತಿದ್ದಳು. ರುತಿಲಿಯೊ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಯಾರೆತ್ಸಿ ಬಾಯಿಗೆ ಒಯ್ದ ಚಮಚೆಯನ್ನು ಹಾಗೇ ಹಿಡಿದು ತಲೆ ಎತ್ತಿದಳು. ಮುಖ ಬಿಳಿಚಿತ್ತು. ಮರುಕ್ಷಣ ಚಮಚೆ ಬಿಸಾಡಿ ಅಡುಗೆಮನೆಗೆ ಓಡಿದಳು. ನೀರು ಹೊಯ್ದ ಸದ್ದು ಕೇಳಿಸಿತು.

"ಇವಳಿಗೆ ಕಿವಿ ಇದೆ," ಅಂದಳು ಎಲ್ಪಿದಿಯಾ ತೃಪ್ತಿಯಿಂದ.

ಅವತ್ತೇ ನೊಯೆಮಿ ಬಟ್ಟೆ ಕಟ್ಟಿದಳು. ತಂಗಿ ಸುಲೆಮಾ ಪಕ್ಕದ ಊರು ಲೆರ್ಮಾದಲ್ಲಿ ಒಂದು ಲಾಂಡ್ರಿಯಲ್ಲಿದ್ದಳು, ಅಲ್ಲಿ ಇಸ್ತ್ರಿಗೆ ಆಳು ಬೇಕಾಗಿತ್ತು.

"ನಿನ್ನವೂ ತಗೋ," ಅಂದಳು ಮಗಳಿಗೆ.

ಯಾರೆತ್ಸಿ ಮಂಚದ ತುದಿಯಲ್ಲಿ ಕೂತೇ ಇದ್ದಳು. "ನಾನು ಬರಲ್ಲ ಅಮ್ಮ."

"ಯಾಕೆ?"

"ಸ್ಕೂಲು ಇಲ್ಲಿದೆ. ಅಜ್ಜಿಗೆ ಒಬ್ಬಳಿಗೇ ಹಂಡೆ ಎತ್ತೋಕಾಗಲ್ಲ."

"ಅಜ್ಜಿ ಹೇಳಿಕೊಟ್ಳಾ?"

"ಯಾರೂ ಹೇಳಿಕೊಡಲಿಲ್ಲ. ಮೇಡಂ ದನಿ ಫೋನಿಗೆ ಹಾಕಿಕೊಟ್ಟಿದ್ದು ನಾನು. ನಾನು ಹಾಕಿಕೊಡದೇ ಇದ್ದಿದ್ರೆ ಹಂಡೆ ಸುಡ್ತಿರಲಿಲ್ಲ."

"ಹುಚ್ಚಿ, ಅದರಲ್ಲಿ ನಿನ್ನ ತಪ್ಪೇನಿದೆ?"

"ಭಾನುವಾರ ಬರ್ತೀನಿ," ಅಂದಳು ಹುಡುಗಿ. ಅಡುಗೆಮನೆಯ ಕಡೆಗೇ ನೋಡುತ್ತಿದ್ದಳು.

ಉಪವಾಸದ ದಿನಗಳು ಶುರುವಾಗುವ ಬೂದಿ ಬುಧವಾರ ದೋನ್ ಅಬುಂದಿಯೊ ಮೂಲೆಯನ್ನು ಚೋಲೆಗೆ ಕೊಟ್ಟ. ಎಲ್ಪಿದಿಯಾ ಈಗ ಸಂತೆಯ ಹಿಂಬಾಗಿಲಲ್ಲಿ, ಮೀನಿನ ಅಂಗಡಿಗಳ ಪಕ್ಕ ಕೂರುತ್ತಾಳೆ.

ಆ ಚಳಿಗಾಲದಲ್ಲಿ ಆ ಮನೆಯಿಂದ ಹೋದದ್ದು ಇಷ್ಟು: ದೊಡ್ಡ ಹಂಡೆ ಒಂದು. ತಮಾಲೆ ಇನ್ನೂರು. ಫೋನು ಒಂದು. ಹತ್ತೊಂಬತ್ತು ವರ್ಷದ ಮೂಲೆ. ಗುರುವಾರದ ತರಗತಿಯಲ್ಲಿ ಒಂದು ಕುರ್ಚಿ. ಸೊಸೆ ಒಬ್ಬಳು. ನೊಯೆಮಿಗೆ ಹೋದದ್ದು ಮಗಳು, ವಾರಕ್ಕೆ ಆರು ದಿನ.